ಸೆಲ್ಯುಲೋಸ್ ತಯಾರಿಸುವ ಯಂತ್ರ ಕೋಶಪೊರೆಗೆ ತಲುಪುವುದು ಹೇಗೆ?

ಪ್ರಶ್ನೆ (ಜೀವಶಾಸ್ತ್ರ ಉಪನ್ಯಾಸಕಿ, ಮಂಡ್ಯ)

ಪ್ರಥಮ ಪಿಯುಸಿಗೆ ಕೋಶಭಿತ್ತಿಯ ಪಾಠ ಮಾಡುತ್ತಿದ್ದಾಗ, ಮನೆಯಲ್ಲಿ ಆಲೆಮನೆ ನಡೆಸುವ ವಿದ್ಯಾರ್ಥಿಯೊಬ್ಬ, ಕಬ್ಬು ಅರೆದ ಮೇಲೆ ಉಳಿಯುವ ರಚ್ಚಿನ ನಾರೆಲ್ಲ ಕೋಶದೊಳಗೆ ತಯಾರಾಗಿ ಹೊರಬಂದದ್ದೇ ಎಂದು ಕೇಳಿದ. ಭಿತ್ತಿಯ ಇತರ ವಸ್ತುಗಳಾದ ಪೆಕ್ಟಿನ್ ಮತ್ತು ಹೆಮಿಸೆಲ್ಯುಲೋಸ್ ಕೋಶದೊಳಗಿನ ಗಾಲ್ಗಿ ಕಾಯಗಳಲ್ಲಿ ತಯಾರಾಗಿ ಕಿರುಚೀಲಗಳಲ್ಲಿ ಹೊರಕ್ಕೆ ಸಾಗುತ್ತವೆ, ನಾರಿನ ಮುಖ್ಯ ಅಂಶವಾದ ಸೆಲ್ಯುಲೋಸ್ ಮಾತ್ರ ಕೋಶಪೊರೆಯಲ್ಲೇ ತಯಾರಾಗುತ್ತದೆ ಎಂದು ಹೇಳಿದೆ. ಹಾಗಾದರೆ ಅದನ್ನು ತಯಾರಿಸುವ ಕಿಣ್ವ ಪೊರೆಗೆ ಬರುವುದು ಹೇಗೆ, ಎಲ್ಲಿ ಇಳಿಯಬೇಕೆಂಬುದನ್ನು ಗೊತ್ತುಮಾಡುವುದು ಯಾವುದು ಎಂಬ ಅವನ ಮುಂದಿನ ಪ್ರಶ್ನೆಗೆ ನನ್ನಿಂದ ಸರಿಯಾದ ಉತ್ತರ ಕೊಡಲಾಗಲಿಲ್ಲ. ಬಲ್ಲವರು ದಯವಿಟ್ಟು ವಿವರಿಸಬೇಕು.

ಉತ್ತರ 1 (ಸಸ್ಯಶಾಸ್ತ್ರ ಸಂಶೋಧನಾ ವಿದ್ಯಾರ್ಥಿ, ಮಾನಸಗಂಗೋತ್ರಿ, ಮೈಸೂರು)

ಮೇಡಂ, ಪೊರೆಗೆ ಸಾಗಿ ಬರುವುದು ಒಂಟಿ ಕಿಣ್ವವಲ್ಲ, ಜೋಡಿಸಿ ಸಿದ್ಧವಾದ ಇಡೀ ಯಂತ್ರ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಅದು ಆರು ದಳದ ಹೂವಿನಂತೆ ಕಾಣುತ್ತದೆ. ಅಗಲ ಸುಮಾರು 25 ನ್ಯಾನೊಮೀಟರ್. ಅದರಲ್ಲಿ ಸೆಲ್ಯುಲೋಸ್ ತಯಾರಿಸುವ ಕಿಣ್ವವಾದ ಸೀಸಾ (CesA) ಎಂಬ ಪ್ರೋಟೀನಿನ 18 ಘಟಕಗಳಿವೆ ಎಂಬುದು ಈಗ ಹೆಚ್ಚಿನವರು ಒಪ್ಪುವ ಲೆಕ್ಕ. ಅರಬಿಡಾಪ್ಸಿಸ್ ಎಂಬ ಪುಟ್ಟ ಗಿಡದಲ್ಲಿ ಎಳೆಯ ಭಿತ್ತಿಗೆ ಸೀಸಾ 1, 3 ಮತ್ತು 6ರ ಬಗೆಯವೂ, ಬಲಿತ ದಪ್ಪ ಭಿತ್ತಿಗೆ 4, 7 ಮತ್ತು 8ರ ಬಗೆಯವೂ ಬೇಕು. ಈ ಎರಡನೆಯ ಗುಂಪಿನಲ್ಲಿ ಒಂದು ಇಲ್ಲದಿದ್ದರೂ ಉಳಿದೆರಡು ಪೊರೆಯನ್ನು ಸರಿಯಾಗಿ ತಲುಪುವುದಿಲ್ಲ.

ಜೋಡಣೆಗೆ ಗಾಲ್ಗಿಯಲ್ಲಿರುವ ಸ್ಟೆಲ್ಲೊ ಎಂಬ ಪ್ರೋಟೀನುಗಳು ನೆರವಾಗುತ್ತವೆ. ಸಸ್ಯಕೋಶದ ಗಾಲ್ಗಿ ಕಾಯಗಳು ಒಂದೆಡೆ ನಿಂತಿರದೆ ಆಕ್ಟಿನ್ ಎಂಬ ಪ್ರೋಟೀನಿನ ಎಳೆಗಳ ಜೊತೆ ಕೋಶವಿಡೀ ತಿರುಗಾಡುತ್ತವೆ. ಹೀಗಾಗಿ ಯಂತ್ರಗಳು ಕೋಶದ ಎಲ್ಲ ಕಡೆಗೂ ಹಂಚಿಹೋಗುತ್ತವೆ. ಅಲ್ಲಿಂದ ಹೊರಟ ಕಿರುಚೀಲವನ್ನು ಎಕ್ಸೊಸಿಸ್ಟ್ ಎಂಬ ಪ್ರೋಟೀನು ಕೂಟ ಪೊರೆಗೆ ಹಿಡಿದು ನಿಲ್ಲಿಸುತ್ತದೆ, ಆಮೇಲೆ ಚೀಲ ಪೊರೆಯೊಡನೆ ಬೆರೆಯುತ್ತದೆ. ಇಳಿಯುವ ಜಾಗ ಬಹುಪಾಲು ಪೊರೆಯ ಒಳಮೈಗೆ ಅಂಟಿಕೊಂಡ ಸೂಕ್ಷ್ಮನಾಳಿಕೆಗಳ (ಪ್ರೋಟೀನಿನ ಅತಿ ಸಣ್ಣ ಕೊಳವೆಗಳ) ಮೇಲೆಯೇ ಇರುತ್ತದೆಂದು 2009ರಲ್ಲಿ ಪ್ರಕಟವಾದ ಅಧ್ಯಯನಗಳು ತೋರಿಸಿದವು. ಆ ನಾಳಿಕೆಗಳನ್ನು ಔಷಧದಿಂದ ಕರಗಿಸಿದರೂ ಯಂತ್ರಗಳು ಬರುವುದು ನಿಲ್ಲುವುದಿಲ್ಲ, ಎಲ್ಲಿ ಇಳಿಯಬೇಕೆಂಬ ಕ್ರಮ ಮಾತ್ರ ತಪ್ಪುತ್ತದೆ. ನಿಮ್ಮ ವಿದ್ಯಾರ್ಥಿಯ ಎರಡನೆಯ ಪ್ರಶ್ನೆಗೆ ಉತ್ತರ ಇಲ್ಲಿದೆ ಎಂದು ನನ್ನ ಭಾವನೆ.

ಉತ್ತರ 2 (ನಿವೃತ್ತ ಸಸ್ಯಶಾಸ್ತ್ರ ಪ್ರಾಧ್ಯಾಪಕ, ಮೈಸೂರು)

ಮೇಲಿನ ವಿವರಣೆ ಸರಿಯಾಗಿದೆ. ಪೊರೆಗೆ ಇಳಿದ ಮೇಲಿನ ಚಲನೆಯನ್ನು ಮಾತ್ರ ಬಿಡಿಸಿ ಹೇಳಬೇಕೆನಿಸುತ್ತದೆ, ಏಕೆಂದರೆ ಸೂಕ್ಷ್ಮನಾಳಿಕೆಯೇ ಯಂತ್ರವನ್ನು ಎಳೆದೊಯ್ಯುತ್ತದೆ ಎಂದು ಬಹಳಷ್ಟು ವಿದ್ಯಾರ್ಥಿಗಳು ತಿಳಿದಿರುತ್ತಾರೆ. ನಮ್ಮ ಹಳ್ಳಿಗಳಲ್ಲಿ ಹಗ್ಗ ಹೊಸೆಯುವವರು ಹುರಿ ಉದ್ದವಾದಂತೆ ಹಿಂದಕ್ಕೆ ಹಿಂದಕ್ಕೆ ಸರಿಯುವುದನ್ನು ನೀವು ನೋಡಿರಬಹುದು. ಇಲ್ಲೂ ಹಾಗೆಯೇ: ಹೊರಬಿದ್ದ ಸೆಲ್ಯುಲೋಸ್ ಎಳೆ ಭಿತ್ತಿಯಲ್ಲಿ ಕಚ್ಚಿಕೊಂಡಿರುವುದರಿಂದ, ಎಳೆ ಬೆಳೆದಂತೆ ಯಂತ್ರವೇ ಪೊರೆಯಲ್ಲಿ ಹಿಂದೆ ಸರಿಯುತ್ತದೆ. ಸಿಎಸ್ಐ1 ಎಂಬ ಪ್ರೋಟೀನು ಯಂತ್ರಕ್ಕೂ ನಾಳಿಕೆಗೂ ನಡುವಿನ ಕೊಂಡಿಯಾಗಿದ್ದರೂ ನಾಳಿಕೆ ದಾರಿಯನ್ನಷ್ಟೇ ತೋರುತ್ತದೆ, ಸರಿಸುವ ಬಲ ಬರುವುದು ಬೆಳೆಯುವ ಸೆಲ್ಯುಲೋಸ್ ಎಳೆಯಿಂದಲೇ. 2006ರಲ್ಲಿ ಸಂಶೋಧಕರು ಹೊಳೆಯುವ ಪ್ರೋಟೀನಿನ ಗುರುತು ಹಚ್ಚಿ ಜೀವಂತ ಕೋಶದಲ್ಲಿ ಈ ಚಲನೆಯನ್ನು ಕಂಡರು. ವೇಗ ನಿಮಿಷಕ್ಕೆ ಸುಮಾರು 300 ನ್ಯಾನೊಮೀಟರ್. ಅಂದರೆ ಒಂದು ಮಿಲಿಮೀಟರ್ ಸಾಗಲು ಎರಡು ದಿನಕ್ಕೂ ಹೆಚ್ಚು ಕಾಲ ಬೇಕು.

ಮತ್ತೆ ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಕೃತಜ್ಞತೆಗಳು. ಹಗ್ಗದ ಹೋಲಿಕೆಯನ್ನು ನಾಳೆಯೇ ತರಗತಿಯಲ್ಲಿ ಹೇಳುತ್ತೇನೆ. ಇನ್ನೊಂದು ಸಂದೇಹವಿದೆ: ನಾಲೆಯ ಕೆಳಗಿನ ಚೌಳು ಜಮೀನಿನ ಮಕ್ಕಳೂ ನನ್ನ ತರಗತಿಯಲ್ಲಿದ್ದಾರೆ. ಉಪ್ಪು ಹೆಚ್ಚಾದಾಗ ಈ ಯಂತ್ರಗಳಿಗೆ ಏನಾಗುತ್ತದೆ?

ಉತ್ತರ 3 (ಸಂಶೋಧನಾ ವಿದ್ಯಾರ್ಥಿ, ಮೈಸೂರು)

ಮೇಡಂ, ಕಬ್ಬಿನ ಬಗ್ಗೆ ಹೇಳುವಷ್ಟು ಧೈರ್ಯ ನನಗಿಲ್ಲ. ಅರಬಿಡಾಪ್ಸಿಸ್‌ನಲ್ಲಿ ಮಾತ್ರ ಇದನ್ನು ಚೆನ್ನಾಗಿ ನೋಡಲಾಗಿದೆ. ಉಪ್ಪು ತಾಗಿದಾಗ ಸೂಕ್ಷ್ಮನಾಳಿಕೆಗಳು ಕಳಚಿಹೋಗುತ್ತವೆ, ಯಂತ್ರಗಳು ಪೊರೆಯಿಂದ ಒಳಗಿನ ಚಿಕ್ಕ ಚೀಲಗಳಿಗೆ ಮರಳುತ್ತವೆ. ಕೆಲವು ಗಂಟೆಗಳ ನಂತರ, ಉಪ್ಪು ಹಾಗೆಯೇ ಇದ್ದರೂ, ನಾಳಿಕೆಗಳು ಮತ್ತೆ ಕಟ್ಟಿಕೊಂಡು ಯಂತ್ರಗಳು ಪೊರೆಗೆ ಹಿಂದಿರುಗುತ್ತವೆ. ಯಂತ್ರದ ಜೊತೆಗೇ ಇರುವ ಒಂದು ಬಗೆಯ ಸಂಗಾತಿ ಪ್ರೋಟೀನುಗಳು ಇಲ್ಲದ ಗಿಡಗಳಲ್ಲಿ ಈ ಚೇತರಿಕೆ ಆಗುವುದಿಲ್ಲ, ಅಂಥ ಸಸಿಗಳು ಉಪ್ಪಿನಲ್ಲಿ ಕುಗ್ಗುತ್ತವೆ ಎಂದು 2015ರಲ್ಲಿ ತೋರಿಸಲಾಯಿತು.