ಟ್ರ್ಯಾಕ್‌ಗೆ ಓಡುವ, ಟ್ರೇಲರ್ ಎಳೆಯುವ ಜಪಾನಿ ಗಾಡಿಗಳು: ಗ್ಯಾರೇಜ್ ಅಣ್ಣನ ಜೊತೆ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಮೆಲ್ಬರ್ನ್‌ನಲ್ಲಿ ಜಪಾನಿ ಗಾಡಿಗಳ ವರ್ಕ್‌ಶಾಪ್ ನಡೆಸುವ ಗ್ಯಾರೇಜ್ ಅಣ್ಣ ಇವತ್ತು ಸಂಜೆಯಿಂದ ನಾಳೆ ರಾತ್ರಿವರೆಗೆ ಬಿಡುವಾದಾಗ ಉತ್ತರ ಕೊಡುತ್ತಾರೆ. ಮಾಡೆಲ್, ವರ್ಷ, ಓಡಿದ ಕಿ.ಮೀ. ಬರೆಯಿರಿ. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ಮಂಗಳೂರು ಮಿಯಾಟ: ಅಣ್ಣ, ನನ್ನದು 1991ರ ಮಜ್ಡಾ ಎಂಎಕ್ಸ್-5, 1.6. ವಿಂಟನ್ ಟ್ರ್ಯಾಕ್‌ನಲ್ಲಿ ನಾಲ್ಕು ಸುತ್ತು ಆದಮೇಲೆ ಬ್ರೇಕ್ ಪೆಡಲ್ ಮೆತ್ತಗಾಗುತ್ತದೆ. ತಣ್ಣಗಾದ ಮೇಲೆ ಸರಿಹೋಗುತ್ತದೆ. ದೊಡ್ಡ ಬ್ರೇಕ್ ಕಿಟ್ ಹಾಕಿಸಲಾ?

ಗ್ಯಾರೇಜ್ ಅಣ್ಣ: ಬೇಡ ಅಕ್ಕ. ಒಂದು ಟನ್‌ನ ಆಸುಪಾಸಿನ ಗಾಡಿಗೆ ಕಂಪನಿ ಬ್ರೇಕೇ ಸಾಕು. ನಿಮ್ಮ ಬ್ರೇಕ್ ಆಯಿಲ್ ಕುದಿಯುತ್ತಿದೆ. ಅದು ಗಾಳಿಯಲ್ಲಿರುವ ನೀರಿನಂಶ ಹೀರುತ್ತದೆ. ಡಾಟ್ 4 ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಎಂಬ ನಿಯಮ ಇದೆ. ನೀರು ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಕುದಿದರೆ ಆವಿ, ಆವಿ ಅದುಮಿಕೊಳ್ಳುತ್ತದೆ, ಪೆಡಲ್ ಕೆಳಗೆ ಹೋಗುತ್ತದೆ. ಒಳ್ಳೆಯ ರೇಸಿಂಗ್ ಡಾಟ್ 4 ಹಾಕಿಸಿ, ನಾಲ್ಕೂ ಚಕ್ರದ ಬ್ರೇಕ್ ಬ್ಲೀಡ್ ಮಾಡಿಸಿ (ಹಳೇ ಆಯಿಲ್, ಗಾಳಿ ಹೊರಹಾಕಿಸಿ), ಟ್ರ್ಯಾಕ್ ಪ್ಯಾಡ್ ಹಾಕಿ. ಡಾಟ್ 5 ಮುಟ್ಟಬೇಡಿ. ಅದು ಸಿಲಿಕೋನ್, ಇದರ ಜೊತೆ ಬೆರೆಯಲ್ಲ. 5.1 ಬೇರೆ, ಅದನ್ನು ಹಾಕಬಹುದು.

ಇನ್ನೊಂದು ವಿಷಯ. ರೇಡಿಯೇಟರ್ ಮೇಲಿನ ಪ್ಲಾಸ್ಟಿಕ್ ಟ್ಯಾಂಕ್ ಕಂದು ಬಣ್ಣಕ್ಕೆ ತಿರುಗಿದೆಯಾ ನೋಡಿ. ತಿರುಗಿದ್ದರೆ ಮುಂದಿನ ಟ್ರ್ಯಾಕ್ ಡೇಗೆ ಮೊದಲು ಬದಲಿಸಿ. ಅದು ಬಿರುಕು ಬಿಡುವ ಮುಂಚೆ ಕೊಡುವ ಸೂಚನೆ ಅಷ್ಟೇ.

ನೀಲಿ ಎಸ್‌ಟಿಐ: ನಮಸ್ಕಾರ ಸರ್. 2012ರ ಸುಬಾರು ಡಬ್ಲ್ಯೂಆರ್‌ಎಕ್ಸ್ ಎಸ್‌ಟಿಐ, 1,40,000 ಕಿ.ಮೀ. ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) ಜಾಸ್ತಿ ಮಾಡಿಸಿದ್ದೇನೆ, ಸೆಮಿ ಸ್ಲಿಕ್ (ಹಿಡಿತ ಜಾಸ್ತಿ ಇರುವ) ಟೈರ್. ಹೋದ ವಾರ ಫಿಲಿಪ್ ಐಲೆಂಡ್ ಟ್ರ್ಯಾಕ್‌ನ ಸದರ್ನ್ ಲೂಪ್ ತಿರುವಿನಲ್ಲಿ ಆಯಿಲ್ ದೀಪ ಕ್ಷಣಕಾಲ ಮಿನುಗಿತು. ಮತ್ತೆ ಬರಲಿಲ್ಲ. 1,500 ಕಿ.ಮೀ.ಗೆ ಒಂದು ಲೀಟರ್ ಆಯಿಲ್ ಕುಡಿಯುತ್ತದೆ. ಬರುವ ಶನಿವಾರ ಇದೇ ಗಾಡಿಯಲ್ಲಿ ಗೆಳೆಯನ ಎಂಎಕ್ಸ್-5 ಅನ್ನು ಟ್ರೇಲರ್ ಮೇಲೆ ವಿಂಟನ್‌ಗೆ ಎಳೆಯಬೇಕು. ಟೋಬಾರ್ (ಟ್ರೇಲರ್ ಕಟ್ಟುವ ಕಂಬಿ) ಹಾಕಿಸಿ ಆಯಿತು. ಬೂಸ್ಟ್ ಸ್ವಲ್ಪ ಇಳಿಸಿದರೆ ಸಾಕಾ?

ಗ್ಯಾರೇಜ್ ಅಣ್ಣ: ದೀಪ ಮಿನುಗಿದ ಮೇಲೆ ಎಷ್ಟು ಓಡಿಸಿದ್ದೀರಿ? ಆಗ ಆಯಿಲ್ ಮಟ್ಟ ಎಷ್ಟಿತ್ತು? ತಣ್ಣಗಿನ ಸ್ಟಾರ್ಟ್‌ನಲ್ಲಿ ಕಟಕಟ ಶಬ್ದ ಇದೆಯಾ?

ನೀಲಿ ಎಸ್‌ಟಿಐ: ಮನೆಗೆ ಬಂದೆ, ವಾರವೆಲ್ಲ ಆಫೀಸಿಗೆ ಓಡಿಸಿದೆ. ಕಡ್ಡಿಯಲ್ಲಿ ಎರಡು ಗುರುತಿನ ನಡುವೆ ಇತ್ತು. ಶಬ್ದ ಸ್ವಲ್ಪ ಇದೆ, ಬಿಸಿಯಾದ ಮೇಲೆ ಹೋಗುತ್ತದೆ.

ಹಳೇ ಕೈ: ತಮ್ಮಾ, 20ಡಬ್ಲ್ಯೂ-60 ಹಾಕು. ದಪ್ಪ ಆಯಿಲ್ ಜಾರಲ್ಲ. ಈ ದೀಪಗೀಪ ಎಲ್ಲ ನಿಂತುಹೋಗುತ್ತದೆ.

ಗ್ಯಾರೇಜ್ ಅಣ್ಣ: ನೀಲಿ ಎಸ್‌ಟಿಐ ಅವರೇ, ಇವತ್ತಿನಿಂದ ಗಾಡಿ ಸ್ಟಾರ್ಟ್ ಮಾಡಬೇಡಿ. ಬಸ್ಸೋ ಟ್ರೈನೋ ಹಿಡಿಯಿರಿ. ಯಾಕೆ ಅಂತ ಪೂರ್ತಿ ಬರೆಯುತ್ತೇನೆ.

ನಿಮ್ಮದು ಇಜೆ25 ಬಾಕ್ಸರ್ ಎಂಜಿನ್. ಸಿಲಿಂಡರ್‌ಗಳು ಎಡಕ್ಕೆ ಎರಡು, ಬಲಕ್ಕೆ ಎರಡು ಅಡ್ಡಡ್ಡ ಮಲಗಿವೆ. ಸದರ್ನ್ ಲೂಪ್ ಉದ್ದನೆಯ ಎಡ ತಿರುವು. ಸೆಮಿ ಸ್ಲಿಕ್ ಹಿಡಿತದಲ್ಲಿ ಅಷ್ಟು ಹೊತ್ತು ತಿರುಗಿದರೆ ಆಯಿಲ್ ಎಲ್ಲ ಬಲಕ್ಕೆ ತಳ್ಳಿಕೊಂಡು ಹೋಗುತ್ತದೆ. ಬಲಗಡೆಯ ಹೆಡ್‌ಗೆ (ಸಿಲಿಂಡರ್ ತುದಿಯ ಭಾಗ) ಹೋದ ಆಯಿಲ್ ಅಲ್ಲೇ ನಿಲ್ಲುತ್ತದೆ, ಸಂಪ್‌ಗೆ (ಎಂಜಿನ್ ಕೆಳಗಿನ ಆಯಿಲ್ ತೊಟ್ಟಿ) ವಾಪಸ್ ಇಳಿಯಲ್ಲ. ಸಂಪ್‌ನಲ್ಲಿ ಉಳಿದದ್ದೂ ಒಂದು ಗೋಡೆಗೆ ಒತ್ತಿಕೊಳ್ಳುತ್ತದೆ. ಆಯಿಲ್ ಹೀರುವ ಪಿಕಪ್ ಪೈಪ್ ಬಾಯಿಗೆ ಗಾಳಿ ಸಿಗುತ್ತದೆ. ಪಂಪ್ ಗಾಳಿ ಕಳಿಸುತ್ತದೆ. ಆ ಹೊತ್ತಿನಲ್ಲೇ ಕನೆಕ್ಟಿಂಗ್ ರಾಡ್ ಬೇರಿಂಗ್ ಮೇಲೆ ಪೂರ್ತಿ ಬೂಸ್ಟ್‌ನ ಹೊರೆ ಇರುತ್ತದೆ. ಬೇರಿಂಗ್‌ಗೂ ಕ್ರ್ಯಾಂಕ್‌ಗೂ ನಡುವೆ ಇರುವುದು ಆಯಿಲ್‌ನ ತೆಳು ಪದರ. ಅದು ಹೋದರೆ ಲೋಹಕ್ಕೆ ಲೋಹ ಉಜ್ಜುತ್ತದೆ. ಕೆಡಲು ಒಂದು ಕ್ಷಣ ಸಾಕು.

ಆ ದೀಪವನ್ನು ಎಚ್ಚರಿಕೆ ಅಂದುಕೊಳ್ಳಬೇಡಿ. ಅದು ಹತ್ತುವುದು ಒತ್ತಡ ಹೆಚ್ಚುಕಡಿಮೆ ಪೂರ್ತಿ ಬಿದ್ದಮೇಲೆ. ಪ್ರತಿ ಸಾವಿರ ಆರ್‌ಪಿಎಂಗೆ ಸುಮಾರು 10 ಪಿಎಸ್‌ಐ ಆಯಿಲ್ ಒತ್ತಡ ಇರಬೇಕು ಅನ್ನುವುದು ನಮ್ಮ ಕೆಲಸದ ಲೆಕ್ಕ. 6,000ದಲ್ಲಿ 60ರ ಹತ್ತಿರ. ಅಲ್ಲಿಂದ 20ಕ್ಕೆ ಬಿದ್ದರೂ ಆ ದೀಪ ಸುಮ್ನೆ ಇರುತ್ತದೆ. ಅಂದರೆ ನಿಮಗೆ ಕಂಡದ್ದು ಒಂದು ಸಲ. ಬೇರಿಂಗ್ ಅನುಭವಿಸಿದ್ದು ಎಷ್ಟು ಸಲವೋ.

ಆಯಿಲ್ ಕುಡಿಯುವುದು ಇನ್ನೊಂದು ಚಿಂತೆ. ಈ ಎಂಜಿನ್‌ನ ಪಿಸ್ಟನ್‌ಗಳಲ್ಲಿ ರಿಂಗ್‌ಗಳ ನಡುವಿನ ಅಂಚು ಸೂಕ್ಷ್ಮ. ನಾಕಿಂಗ್ (ಸಿಲಿಂಡರ್‌ನಲ್ಲಿ ಪೆಟ್ರೋಲ್ ತಾನಾಗಿ ಸಿಡಿಯುವುದು) ಆದರೆ ಆ ಅಂಚು ಒಡೆಯುತ್ತದೆ. ನಾಲ್ಕನೇ ಸಿಲಿಂಡರ್‌ನಲ್ಲಿ ಜಾಸ್ತಿ ನೋಡುತ್ತೇವೆ. ಬೂಸ್ಟ್ ಏರಿಸಿದ ಗಾಡಿಯಲ್ಲಿ ಇನ್ನೂ ಜಾಸ್ತಿ.

ಈಗ ಮಾಡಬೇಕಾದದ್ದು: ಆಯಿಲ್ ಇಳಿಸಿ, ಶುಭ್ರ ಬಿಳಿ ಡಬ್ಬಿಯಲ್ಲಿ ಹಿಡಿಯಿರಿ. ಫಿಲ್ಟರ್ ಬಿಚ್ಚಿ, ಡಬ್ಬಿ ಕೊಯ್ದು, ಒಳಗಿನ ಕಾಗದ ಬಿಡಿಸಿ ಬಿಸಿಲಲ್ಲಿ ನೋಡಿ. ಮಿನುಗುವ ಚೂರು ಇದ್ದರೆ ಅಯಸ್ಕಾಂತ ಹಿಡಿಯಿರಿ. ಅಂಟದಿದ್ದರೆ ಬೇರಿಂಗ್ ಅಥವಾ ಪಿಸ್ಟನ್ ಲೋಹ. ಏನೂ ಇಲ್ಲದಿದ್ದರೆ ಲೀಕ್‌ಡೌನ್ ಟೆಸ್ಟ್ ಮಾಡಿಸಿ. ಸಿಲಿಂಡರ್‌ಗೆ ಗಾಳಿ ತುಂಬಿ ಎಷ್ಟು ಸೋರುತ್ತದೆ ನೋಡುತ್ತಾರೆ. ಆಯಿಲ್ ಹಾಕುವ ಬಾಯಲ್ಲಿ ಗಾಳಿ ಬುಸುಗುಟ್ಟಿದರೆ ರಿಂಗ್ ಕಡೆಯ ತೊಂದರೆ.

ಅದೆಲ್ಲ ಸರಿ ಇದ್ದರೆ ಆಮೇಲೆ ಬ್ಯಾಫಲ್ (ಆಯಿಲ್ ಅತ್ತಿತ್ತ ಹರಿಯದಂತೆ ತಡೆಯುವ ತಗಡು) ಇರುವ ಸಂಪ್, ಗಟ್ಟಿ ಪಿಕಪ್ ಪೈಪ್ (ಕಂಪನಿಯದ್ದು ಬಿರುಕು ಬಿಡುತ್ತದೆ), ಆಯಿಲ್ ಒತ್ತಡದ ಮೀಟರ್. ಟ್ರ್ಯಾಕ್‌ಗೆ ಇಳಿಯುವಾಗ ಆಯಿಲ್ ಮೇಲಿನ ಗುರುತಿಗೇ ಇರಬೇಕು, ನಡುವೆ ಅಲ್ಲ. ಬಾಕ್ಸರ್‌ನಲ್ಲಿ ಎಂಜಿನ್ ಆಫ್ ಮಾಡಿ ಕೆಲವು ನಿಮಿಷ ಕಾದು, ಸಮತಟ್ಟು ಜಾಗದಲ್ಲಿ ಕಡ್ಡಿ ನೋಡಿ.

ಹಳೇ ಕೈ: ಅಣ್ಣ, ನಾನು ಹೇಳಿದ ಆಯಿಲ್ ಬಗ್ಗೆ ಏನೂ ಹೇಳಲಿಲ್ಲ.

ಗ್ಯಾರೇಜ್ ಅಣ್ಣ: ಪಿಕಪ್ ಬಾಯಿಗೆ ಆಯಿಲ್ಲೇ ಸಿಗದಿದ್ದಾಗ ಅದು ದಪ್ಪ ಇದ್ದರೇನು, ತೆಳು ಇದ್ದರೇನು? ದಪ್ಪ ಆಯಿಲ್ ಹೆಡ್‌ನಿಂದ ಕೆಳಗಿಳಿಯುವುದೂ ನಿಧಾನ. ಮೆಲ್ಬರ್ನ್ ಚಳಿಯಲ್ಲಿ ಬೆಳಗಿನ ಸ್ಟಾರ್ಟ್‌ಗೆ 20ಡಬ್ಲ್ಯೂ-60 ಹಾಕಿ ಇನ್ನೊಬ್ಬರ ಎಂಜಿನ್ ಹಾಳುಮಾಡಬೇಡಿ. ಟ್ರ್ಯಾಕ್‌ಗೆ ಓಡಿಸುವ ಇಜೆ25ಗೆ ಒಳ್ಳೆಯ ಪೂರ್ತಿ ಸಿಂಥೆಟಿಕ್ 5ಡಬ್ಲ್ಯೂ-40 ಹಾಕಿ.

ಹಳೇ ಕೈ: ನಾವು ದಾವಣಗೆರೆಯಲ್ಲಿ ದಪ್ಪ ಆಯಿಲ್ ಹಾಕಿಯೇ ಗಾಡಿ ಓಡಿಸಿದ್ದು.

ಮಂಗಳೂರು ಮಿಯಾಟ: ಅಲ್ಲಿನ ಬಿಸಿಲೇ ಬೇರೆ ಅಲ್ವಾ ಸರ್? ಆ ಗಾಡಿಗಳಿಗೆ ಟರ್ಬೊ ಇತ್ತಾ?

ಪ್ರಾಡೊ ಪಾರ್ಟಿ: ಮೂಲ ಪ್ರಶ್ನೆ ಯಾರೂ ಕೇಳುತ್ತಿಲ್ಲ. ಎಸ್‌ಟಿಐಯಲ್ಲಿ ಯಾರಾದರೂ ಟ್ರೇಲರ್ ಎಳೆಯುತ್ತಾರಾ? ಒಂದು ಹಳೇ ಡೀಸೆಲ್ ಟೊಯೊಟಾ ಪ್ರಾಡೊ ತೆಗೆದುಕೊಳ್ಳಿ, ಮುಗಿಯಿತು.

ನೀಲಿ ಎಸ್‌ಟಿಐ: ನನ್ನ ಯೂನಿಟ್‌ಗೆ ಇರುವುದು ಒಂದೇ ಪಾರ್ಕಿಂಗ್. ಎರಡನೇ ಗಾಡಿ, ಎರಡನೇ ರೆಜೊ (ರಿಜಿಸ್ಟ್ರೇಶನ್), ಎರಡನೇ ಇನ್ಶೂರೆನ್ಸ್ ನೀವು ಕಟ್ಟುತ್ತೀರಾ?

ಪ್ರಾಡೊ ಪಾರ್ಟಿ: ಟೈರ್‌ಗೆ ದುಡ್ಡಿದೆ, ಬೂಸ್ಟ್‌ಗೆ ದುಡ್ಡಿದೆ. ಸುರಕ್ಷತೆಗೆ ಮಾತ್ರ ಇಲ್ಲ.

ಅಡ್ಮಿನ್: ವೈಯಕ್ತಿಕ ಮಾತು ಬೇಡ.

ಗ್ಯಾರೇಜ್ ಅಣ್ಣ: ಪ್ರಾಡೊ ಹೇಳಿದ ರೀತಿ ಸರಿ ಇಲ್ಲ, ವಿಷಯ ಸರಿ. ಲೆಕ್ಕ ಹಾಕಿ. ಎಂಎಕ್ಸ್-5 ಸುಮಾರು ಒಂದು ಟನ್. ಗಾಡಿ ಹೊರುವ ಟ್ರೇಲರ್ 500ರಿಂದ 700 ಕೆ.ಜಿ. ಟೈರ್, ಜ್ಯಾಕ್, ಪೆಟ್ರೋಲ್ ಕ್ಯಾನ್ ಸೇರಿಸಿ. ಈಗ ನಿಮ್ಮ ಗಾಡಿಯ ಕೈಪಿಡಿಯಲ್ಲಿ ಎಳೆಯುವ ಮಿತಿ ಎಷ್ಟು ಬರೆದಿದೆ ಓದಿ. ಟೋಬಾರ್ ಮೇಲೆ ಕೆತ್ತಿದ ಅಂಕಿ ಬೇರೆ, ಗಾಡಿಯ ಮಿತಿ ಬೇರೆ. ಎರಡರಲ್ಲಿ ಯಾವುದು ಕಡಿಮೆಯೋ ಅದೇ ನಿಮ್ಮ ಮಿತಿ.

ಇಲ್ಲಿನ (ಆಸ್ಟ್ರೇಲಿಯಾದ) ಕಾನೂನು: ತುಂಬಿದ ಟ್ರೇಲರ್ 750 ಕೆ.ಜಿ. ದಾಟಿದರೆ ಟ್ರೇಲರ್‌ಗೇ ಬ್ರೇಕ್ ಬೇಕು. 2,000 ಕೆ.ಜಿ. ದಾಟಿದರೆ ಅದರ ಎಲ್ಲ ಚಕ್ರಕ್ಕೂ ಬ್ರೇಕ್ ಬೇಕು, ಜೊತೆಗೆ ಟ್ರೇಲರ್ ಕಳಚಿದರೆ ತಾನೇ ಬ್ರೇಕ್ ಹಿಡಿಯುವ ವ್ಯವಸ್ಥೆಯೂ ಬೇಕು.

ಬೂಸ್ಟ್ ಇಳಿಸಿದರೆ ಸಾಕಾ ಅಂತ ಕೇಳಿದ್ದಿರಿ. ಸಾಕಾಗಲ್ಲ. ವಾಲನ್ ದಾಟಿ ಹ್ಯೂಮ್ ಫ್ರೀವೇ ಏರಿನಲ್ಲಿ ಆರನೇ ಗೇರ್‌ನಲ್ಲೇ ಎಳೆದರೆ ಕಡಿಮೆ ಆರ್‌ಪಿಎಂ, ಪೂರ್ತಿ ಹೊರೆ. ನಾಕಿಂಗ್‌ಗೆ ಅದೇ ಬೇಕು. ಟ್ರ್ಯಾಕ್‌ನಲ್ಲಿ ನೇರ ಮುಗಿದ ಕೂಡಲೇ ಆಕ್ಸಿಲರೇಟರ್ ಬಿಡುತ್ತೀರಿ. ಏರಿನಲ್ಲಿ ಬಿಡುವುದೇ ಇಲ್ಲ. ಆರೋಗ್ಯವಾಗಿರುವ ಟರ್ಬೊ ಗಾಡಿಯಲ್ಲಿ ಮಿತಿಯೊಳಗೆ ಎಳೆಯುವವರೂ ಏರಿಗೆ ಮೊದಲೇ ಗೇರ್ ಇಳಿಸಿ, 98 ಆಕ್ಟೇನ್ ಪೆಟ್ರೋಲ್ ಹಾಕಿ.

ಪೆಟ್ರೋಲ್ ಪ್ರೇಮಿ: 98 ತುಟ್ಟಿ. ಟ್ಯಾಂಕ್‌ಗೆ ನಾಲ್ಕು ನುಸಿ ಗುಳಿಗೆ ಹಾಕಿದರೆ ಆಕ್ಟೇನ್ ಏರುತ್ತದೆ ಅಂತ ನಮ್ಮ ಮಾವ ಕಳಿಸಿದ್ದಾರೆ.

ಗ್ಯಾರೇಜ್ ಅಣ್ಣ: ಹಾಕಬೇಡಿ. ಆ ಗುಳಿಗೆಯ ನ್ಯಾಫ್ತಲೀನ್ ಪೆಟ್ರೋಲ್‌ನಲ್ಲಿ ಕರಗುತ್ತದೆ, ಚಳಿಗೆ ಮತ್ತೆ ಹರಳುಗಟ್ಟುತ್ತದೆ. ಫಿಲ್ಟರ್, ಇಂಜೆಕ್ಟರ್ ಕಟ್ಟಿಕೊಳ್ಳುತ್ತದೆ. ಬೂಸ್ಟ್ ಇರುವಾಗ ಒಂದು ಇಂಜೆಕ್ಟರ್ ಕಟ್ಟಿದರೂ ಆ ಸಿಲಿಂಡರ್ ಕರಗುತ್ತದೆ.

ಹಾಸನ ಹೈವೇ: ಅಣ್ಣ, ಬ್ರೇಕ್ ಆಯಿಲ್ ಯಾವುದು ಹಾಕಬೇಕು?

ಗ್ಯಾರೇಜ್ ಅಣ್ಣ: ಮೇಲೆ ಮಿಯಾಟ ಅಕ್ಕನಿಗೆ ಬರೆದಿದ್ದೇನೆ.

ಇವೊ ಹತ್ತು: 2009ರ ಮಿತ್ಸುಬಿಷಿ ಇವೊ 10. ಟ್ರ್ಯಾಕ್‌ನಲ್ಲಿ ಎರಡು ಸುತ್ತಿಗೆ ಎಡಬ್ಲ್ಯೂಸಿ (ನಾಲ್ಕು ಚಕ್ರ ಚಾಲನೆಯ ನಿಯಂತ್ರಣ) ಸರ್ವಿಸ್ ಎಂಬ ಎಚ್ಚರಿಕೆ ಬರುತ್ತಿದೆ. ಏನು ನೋಡಬೇಕು?

ಹ್ಯೂಮ್ ಯಾತ್ರಿ: ಟ್ರೇಲರ್ ಹಾವಿನಂತೆ ಓಲಾಡಲು ಶುರುವಾದರೆ ಆಕ್ಸಿಲರೇಟರ್ ಒತ್ತಿ, ನೇರವಾಗುತ್ತದೆ ಅಂತ ಒಂದು ವೀಡಿಯೊ ಬಂದಿದೆ. ನಿಜವಾ?

ಗ್ಯಾರೇಜ್ ಅಣ್ಣ: ಇದನ್ನು ಇನ್ನೊಬ್ಬರಿಗೆ ಕಳಿಸಬೇಡಿ. ಕಳಿಸಿದ್ದರೆ ಈಗಲೇ ಡಿಲೀಟ್ ಮಾಡಿ. ವೇಗ ಏರಿದಷ್ಟೂ ಓಲಾಟ ಏರುತ್ತದೆ. ಆಕ್ಸಿಲರೇಟರ್‌ನಿಂದ ಕಾಲು ಮೆಲ್ಲಗೆ ತೆಗೆಯಿರಿ. ಸ್ಟೇರಿಂಗ್ ನೇರ ಹಿಡಿಯಿರಿ, ಅತ್ತಿತ್ತ ತಿರುಗಿಸಿ ಸರಿಮಾಡಲು ಹೋಗಬೇಡಿ. ಗಾಡಿಯ ಬ್ರೇಕ್ ಜೋರಾಗಿ ಒತ್ತಬೇಡಿ. ಎಲೆಕ್ಟ್ರಿಕ್ ಬ್ರೇಕ್ ಇದ್ದರೆ ಕಂಟ್ರೋಲರ್‌ನ ಕೈಬಟನ್‌ನಿಂದ ಟ್ರೇಲರ್‌ನ ಬ್ರೇಕ್ ಮಾತ್ರ ಹಿಡಿಯಿರಿ.

ಓಲಾಟಕ್ಕೆ ಕಾರಣ ಹೆಚ್ಚಾಗಿ ಭಾರ ಹಿಂದೆ ಇರುವುದು. ಟ್ರೇಲರ್ ತೂಕದ ಸುಮಾರು ಹತ್ತನೇ ಒಂದು ಪಾಲು ಟೋಬಾಲ್ (ಟೋಬಾರ್ ತುದಿಯ ಗುಂಡು) ಮೇಲೆ ಇರಬೇಕು, ಅದೂ ಗಾಡಿಯ ಮಿತಿ ದಾಟದಂತೆ. ಎಂಜಿನ್ ಮುಂದಿರುವ ಗಾಡಿಯನ್ನು ಮುಂದಾಗಿಯೇ ಹತ್ತಿಸಿ, ಟೋಬಾಲ್ ತೂಕ ಅಳೆದು ಹಿಂದೆ ಮುಂದೆ ಸರಿಸಿ, ಆಮೇಲೆ ನಾಲ್ಕೂ ಚಕ್ರ ಪಟ್ಟಿಯಿಂದ ಬಿಗಿಯಿರಿ.

ಪ್ರಾಡೊ ಪಾರ್ಟಿ: ನಾನು ಗಾಡಿಯನ್ನು ರಿವರ್ಸ್‌ನಲ್ಲಿ ಹತ್ತಿಸಿಯೇ ಸಿಡ್ನಿವರೆಗೆ ಹೋಗಿದ್ದೇನೆ. ಏನೂ ಆಗಿಲ್ಲ.

ಹ್ಯೂಮ್ ಯಾತ್ರಿ: ನಿಮಗೆ ಆಗಿಲ್ಲ ಅಂತ ನಮಗೂ ಆಗಲ್ಲವಾ? ಅಣ್ಣ ಇಷ್ಟು ಬಿಡಿಸಿ ಬರೆದಿದ್ದಾರೆ.

ಜಯನಗರ ವಿಟೆಕ್: ಬೆಂಗಳೂರಿನಿಂದ, ಸರ್. 2002ರ ಹೋಂಡಾ ಸಿಟಿ 1.5 ವಿಟೆಕ್. ಕೊಯಮತ್ತೂರಿನ ಕರಿ ಸ್ಪೀಡ್‌ವೇನಲ್ಲಿ ಟ್ರ್ಯಾಕ್ ಡೇಗೆ ಹೋಗುವ ಆಸೆ. ಗಾಡಿ ಓಡಿಸಿಕೊಂಡೇ ಹೋಗಿ ಬರಬೇಕು. ಮೊದಲು ಏನು ಮಾಡಿಸಲಿ? ಎಕ್ಸಾಸ್ಟ್, ಏರ್ ಫಿಲ್ಟರ್ ಅಂತ ಎಲ್ಲರೂ ಹೇಳುತ್ತಿದ್ದಾರೆ.

ಗ್ಯಾರೇಜ್ ಅಣ್ಣ: ಒಳ್ಳೆಯ ಗಾಡಿ, ಜೋಪಾನ ಮಾಡಿ. ಮೊದಲು ಟೈಮಿಂಗ್ ಬೆಲ್ಟ್. ಯಾವಾಗ ಹಾಕಿದ್ದು ಅಂತ ಬಿಲ್ ಇಲ್ಲದಿದ್ದರೆ ಹಾಕಿಲ್ಲ ಅಂತಲೇ ತಿಳಿಯಿರಿ. ತುಂಡಾದರೆ ವಾಲ್ವ್ ಹೋಗಿ ಪಿಸ್ಟನ್‌ಗೆ ಬಡಿಯುತ್ತದೆ. ಅದರ ಜೊತೆಗೇ ವಾಟರ್ ಪಂಪ್. ಆಮೇಲೆ ರೇಡಿಯೇಟರ್, ಹೋಸ್ ಪೈಪ್, ಬ್ರೇಕ್, ಟೈರ್ ತಯಾರಾದ ವರ್ಷ. ಎಕ್ಸಾಸ್ಟ್ ಕೊನೆಗೆ. ವಾಪಸ್ ಬರಬೇಕಲ್ಲ, ಒಂದು ಜೊತೆ ಮುಂದಿನ ಪ್ಯಾಡ್ ಡಿಕ್ಕಿಯಲ್ಲಿ ಇರಲಿ. ಪ್ರತಿ ಸಲ ಟ್ರ್ಯಾಕ್‌ನಿಂದ ಹೊರಬರುವ ಮುಂಚೆ ಒಂದು ಸುತ್ತು ನಿಧಾನ ಓಡಿಸಿ. ನಿಂತಮೇಲೆ ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಗೇರ್‌ನಲ್ಲಿ ಬಿಡಿ.

ಇವೊ ಹತ್ತು: ಅಣ್ಣ, ನನ್ನ ಪ್ರಶ್ನೆ?

ಸಿಡ್ನಿ ಸ್ಕೈಲೈನ್: 1990ರ ನಿಸಾನ್ ಸ್ಕೈಲೈನ್ ಆರ್32 ಜಿಟಿ-ಆರ್, ಎಂಜಿನ್ ಬಿಚ್ಚಿಲ್ಲ. ಟ್ರ್ಯಾಕ್‌ಗೆ ದೊಡ್ಡ ಟರ್ಬೊ ಹಾಕಿಸುವುದಿದೆ.

ಗ್ಯಾರೇಜ್ ಅಣ್ಣ: ಟರ್ಬೊ ದುಡ್ಡನ್ನು ಆಯಿಲ್‌ಗೆ ಹಾಕಿ. ನಿಮ್ಮ ಆರ್‌ಬಿ26 ಎಂಜಿನ್‌ನ ಹಳೇ ಕ್ರ್ಯಾಂಕ್‌ಗಳಲ್ಲಿ ಆಯಿಲ್ ಪಂಪ್ ತಿರುಗಿಸುವ ಭಾಗ ಕಿರಿದು. ರೆವ್ ಲಿಮಿಟರ್‌ಗೆ ಪದೇ ಪದೇ ಬಡಿದರೆ ಪಂಪ್‌ನ ಗೇರ್ ಒಡೆಯುತ್ತದೆ. ಅಗಲದ ಕಾಲರ್, ಗಟ್ಟಿ ಪಂಪ್ ಹಾಕಿಸಿ. ಈ ಎಂಜಿನ್ ಹೆಡ್‌ಗೆ ಆಯಿಲ್ ಜಾಸ್ತಿ ಕಳಿಸುತ್ತದೆ, ಕೆಳಗೆ ಬರಲು ಬಿಡಲ್ಲ. ಹೆಡ್‌ಗೆ ಹೋಗುವ ಆಯಿಲ್ ತಗ್ಗಿಸುವ ರೆಸ್ಟ್ರಿಕ್ಟರ್, ವಾಪಸ್ ಇಳಿಸುವ ಹೆಡ್ ಡ್ರೈನ್, ಬ್ಯಾಫಲ್ ಸಂಪ್ ಬೇಕು. ಅದಾದ ಮೇಲೆ ಟರ್ಬೊ ಮಾತು.

ಪೆಟ್ರೋಲ್ ಪ್ರೇಮಿ: ಬೇಸಿಗೆ ಟ್ರ್ಯಾಕ್ ಡೇಗೆ ಥರ್ಮೋಸ್ಟಾಟ್ ತೆಗೆದರೆ ಎಂಜಿನ್ ತಣ್ಣಗಿರುತ್ತದೆ ಅಂತ ಇನ್ನೊಂದು ಬಂದಿದೆ. ನನ್ನದು ಫಾರೆಸ್ಟರ್ ಟರ್ಬೊ.

ಗ್ಯಾರೇಜ್ ಅಣ್ಣ: ಫಾರ್ವರ್ಡ್ ಬೇಡ ಅಂತ ಅಡ್ಮಿನ್ ಮೊದಲೇ ಹೇಳಿದ್ದಾರೆ. ನಿಮ್ಮ ಎಂಜಿನ್‌ನಲ್ಲಿ ಥರ್ಮೋಸ್ಟಾಟ್ ಬಿಸಿನೀರಿನ ಬೈಪಾಸ್ ದಾರಿಯನ್ನೂ ಮುಚ್ಚುತ್ತದೆ. ತೆಗೆದರೆ ಬಿಸಿನೀರು ರೇಡಿಯೇಟರ್‌ಗೆ ಹೋಗದೆ ಒಳಗೇ ಸುತ್ತುತ್ತದೆ. ತಣ್ಣಗಾಗುವ ಬದಲು ಕಾಯುತ್ತದೆ. ಇನ್ನು ನಿಮ್ಮ ಫಾರ್ವರ್ಡ್‌ಗೆ ಉತ್ತರಿಸಲ್ಲ.

ಪೆಟ್ರೋಲ್ ಪ್ರೇಮಿ: ಕೇಳಿದ್ದು ತಪ್ಪಾ? ಪ್ರಶ್ನೋತ್ತರ ಅಂತ ತಾನೇ ಹಾಕಿದ್ದು?

ಹಳೇ ಕೈ: ಅಲ್ವಾ. ಅವರಿಗೆ ಬೇಕಾದವರಿಗೆ ಪುಟಗಟ್ಟಲೆ, ನಮಗೆ ಒಂದು ಸಾಲು.

ಔಟ್‌ಬ್ಯಾಕ್ ಗೌಡ: ಸಿವಿಟಿ (ಒಂದು ಬಗೆಯ ಆಟೋಮ್ಯಾಟಿಕ್ ಗೇರ್‌ಬಾಕ್ಸ್) ಇರುವ ಸುಬಾರು ಔಟ್‌ಬ್ಯಾಕ್ 2.5ರಲ್ಲಿ ಟ್ರ್ಯಾಕ್ ಗಾಡಿ ಎಳೆಯಬಹುದಾ?

ಗ್ಯಾರೇಜ್ ಅಣ್ಣ: ಕೈಪಿಡಿ ಮಿತಿಯೊಳಗೆ, ಹೌದು. ಸಿವಿಟಿ ಆಯಿಲ್ ಬದಲಿಸಿ, ಅದು ಜನ್ಮಪೂರ್ತಿ ಬಾಳುತ್ತದೆ ಎಂಬ ಮಾತು ನಂಬಬೇಡಿ. ಏರಿನಲ್ಲಿ ಬಿಸಿಯ ಎಚ್ಚರಿಕೆ ಬಂದರೆ ನಿಲ್ಲಿಸಿ.

ಹೊಸ ಸದಸ್ಯ: ಟ್ರ್ಯಾಕ್‌ನಲ್ಲಿ ಗುದ್ದಿದರೆ ಮಾಮೂಲಿ ಇನ್ಶೂರೆನ್ಸ್ ದುಡ್ಡು ಕೊಡುತ್ತಾ?

ನೀಲಿ ಎಸ್‌ಟಿಐ: ಸರ್, ಇವತ್ತು ಫಿಲ್ಟರ್ ಕೊಯ್ದೆ. ಕಾಗದದ ಮಡಿಕೆಯಲ್ಲೆಲ್ಲ ಬೆಳ್ಳಿ ಬಣ್ಣದ ಚೂರು. ಅಯಸ್ಕಾಂತಕ್ಕೆ ಅಂಟಲಿಲ್ಲ. ಹೊಸ ಆಯಿಲ್ ಹಾಕಿ ನಿಧಾನವಾಗಿ ನಿಮ್ಮ ಗ್ಯಾರೇಜ್‌ವರೆಗೆ ತರಲಾ?

ಗ್ಯಾರೇಜ್ ಅಣ್ಣ: ತರಬೇಡಿ. ಕೀ ತಿರುಗಿಸಲೂಬೇಡಿ. ಟಿಲ್ಟ್ ಟ್ರೇ ಲಾರಿಯಲ್ಲಿ ಹಾಕಿಸಿ ಕಳಿಸಿ. ಈಗ ಬಿಚ್ಚಿದರೆ ಕ್ರ್ಯಾಂಕ್ ಉಳಿಯುವ ಸಾಧ್ಯತೆ ಇದೆ. ರಾಡ್ ಮುರಿದು ಬ್ಲಾಕ್ ಒಡೆದರೆ ಏನೂ ಉಳಿಯಲ್ಲ. ಎಂಜಿನ್ ಕಟ್ಟುವವರು ಯಾರೇ ಆಗಲಿ, ಆಯಿಲ್ ಕೂಲರ್ ಹೊಸದು ಹಾಕಲು ಹೇಳಿ. ಅದರೊಳಗಿನ ಚೂರು ತೊಳೆದರೂ ಪೂರ್ತಿ ಹೋಗಲ್ಲ, ಹೊಸ ಬೇರಿಂಗ್‌ಗೆ ಬಂದು ಕೂರುತ್ತದೆ. ಟರ್ಬೊ ಪೈಪ್, ಕ್ಯಾಮ್ ಕಡೆಯ ದಾರಿಗಳೂ ಶುಭ್ರವಾಗಬೇಕು. ಶನಿವಾರದ ಟ್ರೇಲರ್ ರದ್ದು ಮಾಡಿ, ಗೆಳೆಯನಿಗೆ ಇವತ್ತೇ ಫೋನ್ ಮಾಡಿ.

ಪ್ರಾಡೊ ಪಾರ್ಟಿ: ಶನಿವಾರ ನನ್ನ ಗಾಡಿ ಖಾಲಿ ಇದೆ. ಆ ಎಂಎಕ್ಸ್-5 ನಾನು ಎಳೆದುಕೊಡುತ್ತೇನೆ. ನಂಬರ್ ಕಳಿಸಿ.

ನೀಲಿ ಎಸ್‌ಟಿಐ: ಕಳಿಸಿದೆ. ಥ್ಯಾಂಕ್ಸ್.

ಹಾಸನ ಹೈವೇ: ಎಸ್‌ಟಿಐಗೆ ಯಾವ ಆಯಿಲ್ ಒಳ್ಳೆಯದು ಅಣ್ಣ?

ಗ್ಯಾರೇಜ್ ಅಣ್ಣ: ಮೇಲೆ ಓದಿ.

ಇವೊ ಹತ್ತು: ಮೂರನೇ ಸಲ ಕೇಳುತ್ತಿದ್ದೇನೆ.

ಅಡ್ಮಿನ್: ಸಮಯ ಮುಗಿಯಿತು, ಕಾಮೆಂಟ್ ಮುಚ್ಚುತ್ತಿದ್ದೇನೆ. ಉಳಿದ ಪ್ರಶ್ನೆಗಳನ್ನು ಮುಂದಿನ ತಿಂಗಳು ಮತ್ತೆ ಹಾಕಿ.