ಹೊರಗಿನ ತೊಟ್ಟಿ ಗಪ್ಪಿಗಳ ಬಣ್ಣ ಹೋಗಿದೆ, ತಲೆ ಕೆಟ್ಟಿದೆ

ಹಿತ್ತಲ_ತೊಟ್ಟಿ (ಸರಸ್ವತಿಪುರಂ)
ಹೋದ ವರ್ಷ ದಸರಾ ಹೊತ್ತಿಗೆ 40 ಗಪ್ಪಿ ಮೀನು ಬಿಟ್ಟಿದ್ದೆ. ಗಂಡುಗಳೆಲ್ಲಾ ಕೆಂಡದಂಥ ಕಿತ್ತಳೆ. ಈಗ ನೂರಾರು ಆಗಿವೆ, ಎಲ್ಲಾ ಬೂದಿಯಲ್ಲಿ ಹೊರಳಿದ ಹಾಗಿವೆ. ರೋಗ ಇಲ್ಲ, ಚೆನ್ನಾಗಿ ತಿನ್ನುತ್ತವೆ. ಏನು ಮಾಡಲಿ?

ಮಂಡ್ಯ_ಅಕ್ವಾ
ನೀರು ಯಾವುದು ಗುರು?

ಹಿತ್ತಲ_ತೊಟ್ಟಿ
ಕಾವೇರಿ. ಎರಡು ದಿನ ಹಿಡಿದಿಟ್ಟು ಬಿಡುತ್ತೇನೆ.

ಮಂಡ್ಯ_ಅಕ್ವಾ
ಅಲ್ಲೇ ಎಡವಟ್ಟು. ಗಪ್ಪಿಗೆ ಗಡಸು ನೀರು ಬೇಕು. ನಮ್ಮದು ಬೋರ್‌ವೆಲ್ಲು, 4 ಅಡಿ ಟ್ಯಾಂಕು, ಎರಡು ಫಿಲ್ಟರು, ಮೀನು ನೋಡೋಕೆ ಬೀದಿಯೇ ಬರುತ್ತೆ.

ಚಿಕ್ಕಮೀನು
ನೀರಲ್ಲ, ತಿಂಡಿ. ಕಿತ್ತಳೆಗೆ ಕ್ಯಾರೊಟಿನಾಯ್ಡ್ ಅನ್ನೋ ಬಣ್ಣದ ಅಂಶ ಬೇಕು, ಮೀನು ಅದನ್ನ ತಾನೇ ಮಾಡಿಕೊಳ್ಳಲ್ಲ. ಸ್ಪಿರುಲಿನಾ ಪಾಚಿ ಇರೋ ತಿಂಡಿ ಹಾಕಿ.

ಹಿತ್ತಲ_ತೊಟ್ಟಿ
ಮೂರು ತಿಂಗಳಿಂದ ಹಾಕ್ತಾನೇ ಇದ್ದೇನೆ! ಮನೆಯೊಳಗಿನ ಗಾಜಿನ ಟ್ಯಾಂಕಿಗೂ ಅದೇ ನೀರು, ಅದೇ ತಿಂಡಿ. ಅಲ್ಲಿನವು ಫಳಫಳ ಅಂತಿವೆ.

ಕುಕ್ಕರಹಳ್ಳಿ_ಏರಿ
ಒಳಗೊಂದು ಟ್ಯಾಂಕ್ ಇದೆ ಅಂತ ಈಗ ಹೇಳ್ತೀರಲ್ಲ ಸಾರ್! ಹೊರಗಿನದಕ್ಕೆ ಬಲೆ ಹಾಕಿದ್ದೀರಾ?

ಹಿತ್ತಲ_ತೊಟ್ಟಿ
ಇಲ್ಲ. ಸೀಬೆ ಕೊಂಬೆ ಮೇಲೆ ದಿನಾ ಬೆಳಿಗ್ಗೆ ಮಿಂಚುಳ್ಳಿ ಬಂದು ಕೂರುತ್ತೆ. ಚೆಂದ ಇದೆ ಅಂತ ಓಡಿಸಿಲ್ಲ.

ಕುಕ್ಕರಹಳ್ಳಿ_ಏರಿ
ಸರಿಹೋಯ್ತು. ಎದ್ದು ಕಾಣೋದು ಮೊದಲು ಅದರ ಬಾಯಿಗೆ. ಜೀವವಿಜ್ಞಾನಿ ಜಾನ್ ಎಂಡ್ಲರ್ 1980ರಲ್ಲಿ ಬರೆದದ್ದು ಇದೇ ಗಪ್ಪಿ ಬಗ್ಗೆ. ಕೆರಿಬಿಯನ್‌ನ ಟ್ರಿನಿಡಾಡ್ ದ್ವೀಪದ ಮೀನುಗಳನ್ನ ಕೊಳಗಳಲ್ಲಿ ಸಾಕಿದರು. ಬೇಟೆಮೀನು ಇದ್ದ ಕೊಳದಲ್ಲಿ ಚುಕ್ಕಿ ಕಡಿಮೆಯಾಗಿ, ತಳದ ಕಲ್ಲಿನ ಗಾತ್ರಕ್ಕೇ ಹೊಂದಿಕೊಂಡವು. ಅದಿಲ್ಲದ ಕಡೆ ಚುಕ್ಕಿ ಹೆಚ್ಚಾಗಿ, ಕಲ್ಲಿಗೆ ಹೊಂದದೆ ಎದ್ದು ಕಂಡವು. ಟ್ರಿನಿಡಾಡ್‌ನಲ್ಲೇ ಒಂದು ತೊರೆಯ ಸುಮಾರು 200 ಮೀನನ್ನ ಅಂಥ ಶತ್ರು ಇಲ್ಲದ ಕಡೆ ಬಿಟ್ಟರು, ಎರಡೇ ವರ್ಷದಲ್ಲಿ ಬಣ್ಣ ಏರಿತ್ತು.

ಚಿಕ್ಕಮೀನು
ಹಾಗಾದ್ರೆ ಬಣ್ಣ ಪೂರ್ತಿ ಯಾಕೆ ಅಳಿಯಲ್ಲ?

ಕುಕ್ಕರಹಳ್ಳಿ_ಏರಿ
ಹೆಣ್ಣಿಗೆ ಕಿತ್ತಳೆ ಗಂಡೇ ಇಷ್ಟ, ಅದಕ್ಕೆ. ಒಂದು ಕಡೆ ಹಕ್ಕಿ ಕೆಳಕ್ಕೆ ಎಳೆಯುತ್ತೆ, ಇನ್ನೊಂದು ಕಡೆ ಹೆಣ್ಣು ಮೇಲಕ್ಕೆ. ಅಲ್ಲದೆ ಎಲ್ಲೂ ಕಾಣದ ಚಿತ್ತಾರ ಇರೋ ಗಂಡಿಗೆ ಹೆಣ್ಣು ಜಾಸ್ತಿ ಒಲಿಯುತ್ತೆ. ಟ್ರಿನಿಡಾಡ್‌ನಲ್ಲಿ ಅಂಥವು ಬದುಕುಳಿದದ್ದೂ ಹೆಚ್ಚು. ಅದಕ್ಕೇ ಕಾಡಿನ ಗಪ್ಪಿಗಳಲ್ಲಿ ಒಂದರ ಹಾಗೆ ಇನ್ನೊಂದು ಇರಲ್ಲ.

ಮಂಡ್ಯ_ಅಕ್ವಾ
ಏನೇ ಹೇಳಿ, ಗಡಸು ನೀರಿಲ್ಲದೆ ಆಗಲ್ಲ.

ಕುಕ್ಕರಹಳ್ಳಿ_ಏರಿ
ಒಳಗಿರೋದೂ ಅದೇ ನೀರು ಅಣ್ಣ! ತೊಟ್ಟಿ ಸಾರ್, ಹೊರಗಿನದರಿಂದ ಮಾರಿದ್ದೀರಾ?

ಹಿತ್ತಲ_ತೊಟ್ಟಿ
ಹೂಂ. ಒಳ್ಳೇ ಗಂಡುಗಳನ್ನ ಆರಿಸಿ ಅಂಗಡಿಗೆ ಕೊಡ್ತಿದ್ದೆ, ಡಲ್ ಇರೋದಕ್ಕೆ ಗಿರಾಕಿ ಇಲ್ಲ ನೋಡಿ.

ಕುಕ್ಕರಹಳ್ಳಿ_ಏರಿ
ಮಿಂಚುಳ್ಳಿ ಒಂದಲ್ಲ, ಎರಡು ಅನ್ನಿ! ಬಲೆ ಹಾಕಿ. ಒಳಗಿನ ಬಣ್ಣದ ಗಂಡು ನಾಲ್ಕೈದನ್ನ ಹೊರಗೆ ಬಿಡಿ. ಕಿತ್ತಳೆಯ ಜೀನ್‌ಗಳು ಬಹಳಷ್ಟು ಗಂಡಿನ ವೈ ಕ್ರೋಮೋಸೋಮಲ್ಲೇ ಇರುತ್ತವೆ, ಅಪ್ಪನಿಂದ ಮಗನಿಗೆ ಹೋಗುತ್ತವೆ. ಮೊದಲ ಒಂದೆರಡು ಸಲದ ಮರಿ ನೋಡಿ ಬೇಜಾರಾಗಬೇಡಿ, ಹೆಣ್ಣುಗಳು ಹಳೇ ಗಂಡಿನ ವೀರ್ಯ ತಿಂಗಳುಗಟ್ಟಲೆ ಇಟ್ಟುಕೊಂಡಿರುತ್ತವೆ.

ಮಂಡ್ಯ_ಅಕ್ವಾ
ಬೋರ್‌ವೆಲ್ ನೀರು ಬೇಕಿದ್ರೆ ಕ್ಯಾನ್ ತನ್ನಿ, ಕೊಡ್ತೀನಿ.

ಹಿತ್ತಲ_ತೊಟ್ಟಿ
ಬಲೆ ಎಷ್ಟು ಅಂಗುಲದ್ದು ತರಲಿ?