ಎಸ್‌ಯುವಿಗೆ ಟ್ರೇಲರ್ ಹಿಚ್: ಯಾವುದನ್ನು ಆರಿಸಬೇಕು, ವೈರಿಂಗ್ ಹೇಗೆ?

ಪ್ರಶ್ನೆ:
ನಮ್ಮದು ಐದು ಜನ ಕೂರುವ ಎಸ್‌ಯುವಿ. ಬ್ರೇಕ್ ಇಲ್ಲದ ಸಣ್ಣ ಟ್ರೇಲರೊಂದನ್ನು ಎಳೆಯಬೇಕಿದೆ. ತುಂಬಿದಾಗ ಅದರ ತೂಕ 620 ಕೆ.ಜಿ. ಕಾರಿನ ಕೈಪಿಡಿಯ ಪ್ರಕಾರ ಬ್ರೇಕ್ ಇರುವ ಟ್ರೇಲರಿಗೆ 1,500 ಕೆ.ಜಿ., ಇಲ್ಲದ್ದಕ್ಕೆ 750 ಕೆ.ಜಿ., ಹಿಚ್ (ಟ್ರೇಲರ್ ಸಿಕ್ಕಿಸಲು ಕಾರಿನ ಹಿಂದೆ ಕೂರಿಸುವ ಕೊಂಡಿ) ಮೇಲೆ ಬೀಳುವ ಭಾರಕ್ಕೆ 100 ಕೆ.ಜಿ., ಕಾರಿನ ಒಟ್ಟು ಹೊರೆಗೆ 450 ಕೆ.ಜಿ. ಮಿತಿಯಿದೆ. 2 ಇಂಚಿನ ರಿಸೀವರ್ (ಹಿಚ್ಚಿನ ಚೌಕ ಕೊಳವೆ) ಇರುವ ದೊಡ್ಡ ಹಿಚ್ ಹಾಕಿಸಿದರೆ ಇನ್ನೂ ಹೆಚ್ಚು ಎಳೆಯಬಹುದೆಂದು ಅಂಗಡಿಯವರು ಹೇಳುತ್ತಾರೆ, ಇದು ನಿಜವೇ? ಹಿಂದಿನ ದೀಪಗಳ ವೈರನ್ನೇ ಸುಲಿದು ಟ್ರೇಲರಿಗೆ ಕವಲು ಕೊಡಬಹುದೇ?

ಮೊದಲ ಉತ್ತರ:
ನಿಜವಲ್ಲ. ಕಾರು, ಹಿಚ್, ಬಾಲ್ ಮೌಂಟ್ (ರಿಸೀವರಿಗೆ ತೂರಿಸುವ ತೋಳು), ಬಾಲ್ (ಅದರ ಮೇಲಿನ ಲೋಹದ ಗುಂಡು), ಟ್ರೇಲರಿನ ಕಪ್ಲರ್ (ಆ ಗುಂಡನ್ನು ಹಿಡಿಯುವ ಬಾಯಿ) ಇವುಗಳಲ್ಲಿ ಯಾವುದರ ಮಿತಿ ಅತಿ ಕಡಿಮೆಯೋ ಅದೇ ಇಡೀ ಜೋಡಣೆಯ ಮಿತಿ. ದೊಡ್ಡ ರಿಸೀವರಿನಿಂದ ಸೈಕಲ್ ಸ್ಟ್ಯಾಂಡಿನಂತಹ ವಸ್ತುಗಳನ್ನು ಸಿಕ್ಕಿಸಲು ಅನುಕೂಲವಾಗಬಹುದು, ಕಾರಿನ ಬಲವಂತೂ ಹೆಚ್ಚುವುದಿಲ್ಲ. ಬಾಲಿನ ಅಳತೆ ಕಪ್ಲರಿಗೆ ಸರಿಯಾಗಿ ಹೊಂದಲೇಬೇಕು. 2 ಇಂಚಿನ ಕಪ್ಲರಿನೊಳಗೆ ಅದಕ್ಕಿಂತ ಸಣ್ಣ ಬಾಲ್ ಇದ್ದರೆ ರಸ್ತೆಯ ಉಬ್ಬೊಂದರಲ್ಲಿ ಕಳಚಿಕೊಳ್ಳಬಹುದು.

ನಿಮಗೆ ತೊಡಕಾಗುವುದು ಎಳೆಯುವ ಮಿತಿಯಲ್ಲ, ಹೊರೆಯ ಮಿತಿ. ಐವರ ತೂಕ 340, ಡಿಕ್ಕಿಯ ಸಾಮಾನು 60, ಹಿಚ್ 20, ಟ್ರೇಲರಿನ ಮೂಕಿ (ಮುಂಚಾಚಿದ ತುದಿ) ಹಿಚ್ ಮೇಲೆ ಹೇರುವ ಭಾರ 70 ಎಂದುಕೊಂಡರೂ ಒಟ್ಟು 490 ಕೆ.ಜಿ. ಆಗುತ್ತದೆ. ಡಿಕ್ಕಿಯ ಸಾಮಾನನ್ನು ಟ್ರೇಲರಿಗೆ ವರ್ಗಾಯಿಸಿದರೆ ಟ್ರೇಲರ್ 680 ಆದರೂ 750ರ ಒಳಗೇ ಉಳಿಯುತ್ತದೆ, ಕಾರೂ ಮಿತಿಯೊಳಗೆ ಬರುತ್ತದೆ. ಸಣ್ಣ ಟ್ರೇಲರುಗಳಲ್ಲಿ ಮೂಕಿಯ ಭಾರ ಒಟ್ಟು ತೂಕದ ಶೇ. 10ರಿಂದ 15ರಷ್ಟಿರಲಿ ಎಂಬುದು ರೂಢಿ. ಹಿಂಭಾರವಾದ ಟ್ರೇಲರ್ ವೇಗ ಹೆಚ್ಚಿದಂತೆ ಅತ್ತಿತ್ತ ತೊನೆಯತೊಡಗುತ್ತದೆ. ಸಮತಟ್ಟಾದ ನೆಲದಲ್ಲಿ, ಬಾಲ್ ಇರುವಷ್ಟೇ ಎತ್ತರಕ್ಕೆ ಮರದ ತುಂಡಿನ ಆಸರೆ ಕೊಟ್ಟು, ಮನೆಯ ತೂಕದ ಯಂತ್ರದ ಮೇಲೆ ಕಪ್ಲರನ್ನು ಕೂರಿಸಿ ನೋಡಿ.

ಎರಡನೆಯ ಉತ್ತರ:
ವೈರಿಂಗ್ ಬಗ್ಗೆ: ದಯವಿಟ್ಟು ಕವಲು ಕೊಡಬೇಡಿ. ಈಗಿನ ಕಾರುಗಳಲ್ಲಿ ದೀಪಗಳನ್ನು ನಿಯಂತ್ರಿಸುವ ಕಂಪ್ಯೂಟರ್ ಪ್ರತಿ ದೀಪದ ಕರೆಂಟನ್ನೂ ಗಮನಿಸುತ್ತಿರುವುದರಿಂದ, ಹೆಚ್ಚುವರಿ ಬಲ್ಬುಗಳ ಹೊರೆ ಬಿದ್ದರೆ ದೋಷ ತೋರಿಸಬಹುದು, ಕೆಲವೊಮ್ಮೆ ಆ ಸರ್ಕ್ಯೂಟನ್ನೇ ಕಡಿತಗೊಳಿಸಬಹುದು. ಬ್ಯಾಟರಿಯಿಂದ ಫ್ಯೂಸ್ ಮೂಲಕ ನೇರ ವಿದ್ಯುತ್ ಪಡೆದು, ದೀಪಗಳ ವೈರಿನಿಂದ ಸಂಕೇತವನ್ನಷ್ಟೇ ಓದುವ ಕನ್ವರ್ಟರ್ ಹಾಕಿಸಿ. ನಿಮ್ಮ ಮಾದರಿಯ ಕಾರಿಗೆಂದೇ ತಯಾರಾದ ವೈರಿಂಗ್ ಕಿಟ್ ಸಿಕ್ಕರೆ ಅದು ಇನ್ನೂ ಉತ್ತಮ. ಟ್ರೇಲರ್ ಸಿಕ್ಕಿಸಿದೊಡನೆ ಹಿಂಬದಿಯ ಪಾರ್ಕಿಂಗ್ ಸೆನ್ಸರುಗಳು ತಾವಾಗಿಯೇ ಸುಮ್ಮನಾಗುವ ವ್ಯವಸ್ಥೆ ಅನೇಕ ಕಿಟ್‌ಗಳಲ್ಲಿರುತ್ತದೆ. ಬ್ರೇಕ್ ಇಲ್ಲದ ಟ್ರೇಲರಿಗೆ 4 ಪಿನ್‌ನ ಪ್ಲಗ್ ಸಾಕಾಗುತ್ತದೆ. ಮುಂದೆ 7 ಪಿನ್‌ಗೆ ಹೋಗುವುದಾದರೆ, ಹೆಸರು ಒಂದೇ ಇದ್ದರೂ ಅಮೆರಿಕದ ಮತ್ತು ಯುರೋಪಿನ ಜೋಡಣೆಗಳು ಬೇರೆಬೇರೆ ಎಂಬುದು ನೆನಪಿರಲಿ.

ಪ್ರಶ್ನೆ ಕೇಳಿದವರು:
ಸಾಮಾನು ವರ್ಗಾಯಿಸಿ ತೂಗಿದಾಗ ಮೂಕಿಯ ಭಾರ 58 ಕೆ.ಜಿ. ಬಂತು. ಟ್ರೇಲರಿನ ಹಿಂತುದಿಯಲ್ಲಿದ್ದ 20 ಲೀಟರಿನ ನೀರಿನ ಕ್ಯಾನನ್ನು ಮುಂದಕ್ಕೆ ಇಟ್ಟ ಮೇಲೆ 74ಕ್ಕೆ ಏರಿತು. ಕನ್ವರ್ಟರ್ ಕೂಡ ಹಾಕಿಸಿದ್ದೇನೆ. ಆದರೆ ಎಡ ಇಂಡಿಕೇಟರ್ ಹಾಕಿದಾಗ ಟ್ರೇಲರಿನ ಉಳಿದ ದೀಪಗಳೂ ಅದರ ಜೊತೆಗೆ ಮಂದವಾಗಿ ಮಿಣುಕುತ್ತಿವೆ.

ಮೂರನೆಯ ಉತ್ತರ:
ಅದು ಅರ್ತ್ (ಕರೆಂಟು ಲೋಹದ ಮೈ ಮೂಲಕ ಮರಳುವ ಜೋಡಣೆ) ಸರಿಯಿಲ್ಲದ ಲಕ್ಷಣ. ಬ್ಯಾಟರಿಗೆ ಮರಳಲು ಸರಿಯಾದ ದಾರಿ ಸಿಗದ ಕರೆಂಟು ಉಳಿದ ಬಲ್ಬುಗಳ ಮೂಲಕ ದಾರಿ ಹುಡುಕುತ್ತದೆ. 4 ಪಿನ್ ಜೋಡಣೆಯಲ್ಲಿ ಅರ್ತ್ ವೈರು ಸಾಮಾನ್ಯವಾಗಿ ಬಿಳಿಯದಾಗಿರುತ್ತದೆ. ಅದರ ಸ್ಕ್ರೂ ಕೂತಿರುವ ಜಾಗದಲ್ಲಿ ಬಣ್ಣವೋ ತುಕ್ಕೋ ಇದ್ದರೆ ಲೋಹ ಹೊಳೆಯುವವರೆಗೆ ಉಜ್ಜಿ, ಬಿಗಿ ಮಾಡಿ, ಮೇಲೆ ಸ್ವಲ್ಪ ಗ್ರೀಸ್ ಸವರಿ. ಕಾರಿನ ಬದಿ, ಟ್ರೇಲರಿನ ಬದಿ ಎರಡನ್ನೂ ನೋಡಿ. ನಾನು ಇದೇ ತೊಂದರೆಗೆ ಬಲ್ಬುಗಳನ್ನೂ ಕನ್ವರ್ಟರನ್ನೂ ಬದಲಿಸಿದ ಮೇಲಷ್ಟೇ ಆ ಸ್ಕ್ರೂವಿನ ಕಡೆ ಕಣ್ಣು ಹಾಯಿಸಿದ್ದೆ.